ತಿಂಗಳಾನುಗಟ್ಟಲೆ ಕಾರು ನಿಲ್ಲಿಸಿ ಹೋಗುವಾಗ ಬ್ಯಾಟರಿ ವೈರ್ ನಾವೇ ಬಿಚ್ಚಬಹುದಾ?

ಒಂದೂವರೆ ತಿಂಗಳು ಮಗಳ ಮನೆಗೆ ಹೋಗುತ್ತಿದ್ದೇನೆ, ಪೆಟ್ರೋಲ್ ಕಾರು ಶೆಡ್‌ನಲ್ಲೇ ನಿಂತಿರುತ್ತದೆ, ಬ್ಯಾಟರಿ ವೈರ್ ಬಿಚ್ಚಿದರೆ ಶಾಕ್ ಹೊಡೆಯುತ್ತಾ ಅಂತ ಕೇಳಿದ್ದೀರಿ. ಹೊಡೆಯುವುದಿಲ್ಲ. ಅದು 12 ವೋಲ್ಟ್, ಒಣಗಿದ ಕೈಗೆ ಗೊತ್ತೂ ಆಗುವುದಿಲ್ಲ. ಹೆದರಬೇಕಾದ್ದು ಕೈಯಲ್ಲಿರುವ ಸ್ಪ್ಯಾನರಿಗೆ.

ನಾನು ಮೊದಲ ಸಲ ಬಿಚ್ಚುವಾಗ ಪ್ಲಸ್ ಮೇಲಿನ ಕೆಂಪು ಮುಚ್ಚಳ ಕಣ್ಣಿಗೆ ಬಿತ್ತು ಅಂತ ಅದಕ್ಕೇ ಕೈ ಹಾಕಿದೆ. ಅರ್ಧ ಸುತ್ತು ತಿರುಗಿಸುವಷ್ಟರಲ್ಲಿ ಸ್ಪ್ಯಾನರಿನ ಇನ್ನೊಂದು ತುದಿ ಪಕ್ಕದ ತಗಡಿಗೆ ತಾಗಿತು. ಚಟ್ ಅಂತ ಕಿಡಿ ಹಾರಿತು. ಆ ಸ್ಪ್ಯಾನರ್ ಮೇಲೆ ಸುಟ್ಟ ಗುರುತು ಈಗಲೂ ಇದೆ.

ಕಾರಿನ ಬಾಡಿ ಪೂರ್ತಿ ಬ್ಯಾಟರಿಯ ಮೈನಸ್‌ಗೆ ಸೇರಿರುತ್ತದೆ. ಹಾಗಾಗಿ ಪ್ಲಸ್ ಮೇಲಿರುವ ಸ್ಪ್ಯಾನರ್ ಬಾಡಿಗೆ ಎಲ್ಲಿ ತಾಗಿದರೂ ಶಾರ್ಟ್ ಆಗಿ ನೂರಾರು ಆಂಪಿಯರ್ ಹರಿಯುತ್ತದೆ. ಉಂಗುರವೋ ವಾಚಿನ ಚೈನೋ ನಡುವೆ ಸಿಕ್ಕಿಕೊಂಡರೆ ಕೆಂಪಗೆ ಕಾದು ಬೆರಳೇ ಸುಡುತ್ತದೆ. ಜೊತೆಗೆ ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ಅದಕ್ಕೆ ಕಿಡಿ ತಗುಲಿದರೆ ಬ್ಯಾಟರಿ ಸಿಡಿದು ಆ್ಯಸಿಡ್ ಮುಖಕ್ಕೆ ಎರಚಬಹುದು. ಮೊದಲು ಮೈನಸ್ ಬಿಚ್ಚಿಬಿಟ್ಟರೆ ಈ ತಂಟೆಯೇ ಇಲ್ಲ.

ನಿಮ್ಮ ಕೆಲಸಕ್ಕಂತೂ ಮೈನಸ್ ಒಂದೇ ಸಾಕು, ಕೆಂಪನ್ನು ಮುಟ್ಟಲೇಬೇಡಿ. ಉಂಗುರ, ವಾಚ್ ತೆಗೆದಿಡಿ. ಕಣ್ಣಿಗೆ ಕನ್ನಡಕ ಇದ್ದರೆ ಒಳ್ಳೆಯದು. ಕೀ ಆಫ್ ಮಾಡಿ, ಲೈಟ್ ಆರಿಸಿ, ಸ್ವಲ್ಪ ಹೊತ್ತು ಬಿಡಿ. ಮೈನಸ್ ಗುರುತು ಬ್ಯಾಟರಿ ಮೇಲೇ ಅಚ್ಚಾಗಿರುತ್ತದೆ, ಅದನ್ನು ನಂಬಿ. ವೈರಿನ ಬಣ್ಣವನ್ನಲ್ಲ, ರಿಪೇರಿ ಮಾಡಿದವರು ಯಾವ ಬಣ್ಣದ್ದೋ ಹಾಕಿರುತ್ತಾರೆ. ಬಹಳಷ್ಟು ಕಾರುಗಳಿಗೆ 10ನೇ ನಂಬರ್ ಸ್ಪ್ಯಾನರ್ ಸಾಕು. ನಟ್ ಸಡಿಲ ಮಾಡಿ, ಕ್ಲ್ಯಾಂಪನ್ನು ಆ ಕಡೆ ಈ ಕಡೆ ಮೆಲ್ಲಗೆ ಅಲ್ಲಾಡಿಸಿ ಮೇಲೆತ್ತಿ. ಸುತ್ತಿಗೆ ಬೇಡವೇ ಬೇಡ. ಬಿಚ್ಚಿದ ವೈರಿಗೆ ಒಣ ಬಟ್ಟೆ ಸುತ್ತಿ ದೂರ ಸರಿಸಿಡಿ, ತಾನಾಗೇ ವಾಪಸ್ ಬಂದು ತಾಗಬಾರದು. ಬಿಳಿ ಪುಡಿ ಕಂಡರೆ ಬರಿಗೈಲಿ ಮುಟ್ಟಬೇಡಿ.

ಇಷ್ಟೆಲ್ಲ ಬೇಕಾ ಅಂದರೆ, ಲೆಕ್ಕ ಹಾಕಿ. ನಿಂತ ಕಾರು ಕೂಡ ಅಲಾರಂ, ಗಡಿಯಾರ ಅಂತ ಒಂದು 30 ಮಿಲಿಆಂಪಿಯರ್ ಎಳೆಯುತ್ತದೆ ಅಂತಿಟ್ಟುಕೊಳ್ಳಿ. 45 ದಿನಕ್ಕೆ 32 ಆಂಪಿಯರ್ ಅವರ್ ಆಯಿತು. ಸಣ್ಣ ಕಾರಿನ ಬ್ಯಾಟರಿ ಇರುವುದೇ 35ರ ಆಸುಪಾಸು. ಹಾಗೆ ಖಾಲಿಯಾಗಿ ಬಿದ್ದಿದ್ದರೆ ಅದರ ಆಯಸ್ಸೂ ಕಮ್ಮಿಯಾಗುತ್ತದೆ. ಒಂದು ವಾರಕ್ಕೆ ಹೋಗುವವರು ಸುಮ್ನೆ ಬಿಟ್ಟು ಹೋಗಬಹುದು. ಹೈಬ್ರಿಡ್, ಎಲೆಕ್ಟ್ರಿಕ್ ಕಾರಾದರೆ ಮಾತು ಬೇರೆ. ಅದರ ಆರೆಂಜ್ ಬಣ್ಣದ ಹೈ ವೋಲ್ಟೇಜ್ ವೈರುಗಳ ಹತ್ತಿರ ನಾವು ಹೋಗಬಾರದು.

ವಾಪಸ್ ಬಂದು ಸಿಕ್ಕಿಸುವಾಗ ಸಣ್ಣ ಕಿಡಿ ಕಂಡರೆ ಗಾಬರಿ ಬೇಡ. ಎರಡೂ ವೈರ್ ಬಿಚ್ಚಿದ್ದರೆ ಮಾತ್ರ ಪ್ಲಸ್ ಮೊದಲು, ಮೈನಸ್ ಕೊನೆಗೆ. ಗಡಿಯಾರದ ಟೈಮ್ ಹೋಗಿರುತ್ತದೆ. ಕೆಲವು ಕಾರುಗಳಲ್ಲಿ ಪವರ್ ವಿಂಡೋ ಕೂಡ ಹೊಸದಾಗಿ ಸೆಟ್ ಮಾಡಬೇಕು.

ಇನ್ನೊಂದು ವಿಷಯ. ವೈರ್ ಬಿಚ್ಚಿದ ಮೇಲೆ ರಿಮೋಟ್ ಕೆಲಸ ಮಾಡುವುದಿಲ್ಲ. ಬಾನೆಟ್ ತೆರೆಯುವ ಹಿಡಿಯೋ ಕಾರಿನ ಒಳಗೆ ಇರುತ್ತದೆ, ಅಲ್ವಾ? ಆದ್ದರಿಂದ ಬಿಚ್ಚುವ ಮೊದಲೇ ಲೋಹದ ಕೀಯಿಂದ ಡ್ರೈವರ್ ಬಾಗಿಲು ತೆರೆಯುತ್ತದಾ ಅಂತ ಒಮ್ಮೆ ನೋಡಿಕೊಳ್ಳಿ. ವರ್ಷಗಟ್ಟಲೆ ಬಳಸದೆ ಆ ಬೀಗ ಬಿಗಿದುಕೊಂಡಿರಬಹುದು.