"ವಾಸನೆ ಬರ್ತಿತ್ತಾ?"

ಇದನ್ನು ಬರೆಯಲೋ ಬೇಡವೋ ಅಂತ ತುಂಬಾ ದಿನ ಯೋಚಿಸಿದೆ. ಇದೇ ತರಹದ ಮೂರನೇ ಸಂಸಾರ ನನ್ನ ಹತ್ತಿರ ಆಪ್ತಸಲಹೆಗೆ ಬಂದ ಮೇಲೆ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ.

ನಲವತ್ತರ ಆಸುಪಾಸಿನ ಗಂಡ ಹೆಂಡತಿ. ಎರಡು ವರ್ಷದ ಹಿಂದೆ ಲೆವೆಲ್ ಕ್ರಾಸಿಂಗ್‌ನಲ್ಲಿ ಗಂಡನ ಕಾರಿಗೆ ರೈಲು ಬಡಿದಿತ್ತು. ತೊಡೆಮೂಳೆ, ಪಕ್ಕೆಲುಬು ಮುರಿದಿದ್ದವು, ಎರಡು ದಿನ ಪ್ರಜ್ಞೆ ಇರಲಿಲ್ಲ. ಮೂಳೆ ಕೂಡಿತು. ತಲೆಯ ಸ್ಕ್ಯಾನ್‌ನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಕಾಣಲಿಲ್ಲ. ನನ್ನ ಹತ್ತಿರ ಬಂದಿದ್ದು ಮಾತ್ರ ಅಪಘಾತಕ್ಕಲ್ಲ, ಜಗಳಕ್ಕೆ.

ಹೆಂಡತಿಯ ದೂರು ಒಂದೆರಡಲ್ಲ. ಮಾತೆತ್ತಿದರೆ ಸಿಡುಕು. ಹಿಡಿದ ಕೆಲಸ ಮುಗಿಸಲ್ಲ. ಸ್ನಾನ ಮಾಡಿ ಅಂತ ನೆನಪಿಸಬೇಕು. ಅಡುಗೆ ಹೇಗಿದೆ ಅಂದರೆ "ಹ್ಞೂಂ" ಅಷ್ಟೇ. ಗಂಡ ನೆಲ ನೋಡುತ್ತಾ ಕೂತಿರುತ್ತಿದ್ದರು. ರಾತ್ರಿ ಬೆಚ್ಚಿ ಏಳುವುದು, ಹಾರ್ನ್ ಕೇಳಿದರೆ ಬೆವರುವುದು ಇದ್ದೇ ಇತ್ತು, ಹಾಗಾಗಿ ಮೊದಲ ಎರಡು ಭೇಟಿಯಲ್ಲಿ ನಾನೂ ಎಲ್ಲವನ್ನೂ ಮನಸ್ಸಿಗಾದ ಆಘಾತದ ಖಾತೆಗೇ ಬರೆದುಬಿಟ್ಟಿದ್ದೆ.

ಮೂರನೇ ಭೇಟಿಯಲ್ಲಿ ಆಕೆ ಬಂದವರೇ ಶುರು ಮಾಡಿದರು. "ಹಾಲು ಒಲೆ ಮೇಲಿದೆ, ನೋಡ್ಕೊಳ್ಳಿ ಅಂತ ಹೇಳಿ ಸ್ನಾನಕ್ಕೆ ಹೋದೆ ಮೇಡಂ. ಬಂದು ನೋಡಿದ್ರೆ ಪಾತ್ರೆ ಕಪ್ಪಗಾಗಿದೆ, ಮನೆ ತುಂಬಾ ಸೀದ ವಾಸನೆ, ಇವರು ಪಕ್ಕದ ಕೋಣೇಲಿ ಆರಾಮಾಗಿ ಪೇಪರ್ ಓದ್ತಾ ಕೂತಿದಾರೆ! ಬೇಕಂತಲೇ ಮಾಡ್ತಾರೆ."

ಗಂಡ ತಲೆ ಎತ್ತಿದರು. "ವಾಸನೆ ಬರ್ತಿತ್ತಾ?"

ಅಣಕಿಸುತ್ತಿದ್ದಾರೆ ಅಂದುಕೊಂಡು ಆಕೆ ಎದ್ದೇ ನಿಂತರು. ಕೂತುಕೊಳ್ಳಿ ಅಂದೆ. ಗಂಡನಿಗೆ ಕಣ್ಣು ಮುಚ್ಚಲು ಹೇಳಿ, ನನ್ನ ಕಾಫಿ ಲೋಟವನ್ನು ಅವರ ಮೂಗಿನ ಹತ್ತಿರ ಹಿಡಿದೆ. ಇನ್ನೂ ಹಬೆ ಆಡುತ್ತಿತ್ತು.

"ಏನೋ ಬಿಸಿ ಇದೆ," ಅಂದರು. "ನೀರಾ?"

ಯಾವಾಗಿನಿಂದ ಹೀಗೆ ಅಂತ ಕೇಳಿದೆ. ಆಸ್ಪತ್ರೆಯಿಂದ ಬಂದಾಗಿನಿಂದ. "ನನಗೆ ಯಾಕ್ರೀ ಹೇಳಲಿಲ್ಲ?" ಅಂದರು ಆಕೆ. ದನಿ ಪೂರ್ತಿ ಇಳಿದುಹೋಗಿತ್ತು.

"ಬದುಕಿ ಬಂದಿದ್ದೇ ಹೆಚ್ಚು ಅಂತ ಎಲ್ಲರೂ ಅಂತಿದ್ರಲ್ಲ. ಅದೂ ನನ್ನ ತಪ್ಪಿಂದ ಆಗಿದ್ದು. ಮೂಗು ಕೆಲಸ ಮಾಡ್ತಿಲ್ಲ ಅಂತ ಯಾವ ಮುಖ ಇಟ್ಕೊಂಡು ಹೇಳಲಿ?"

ಮೂಗಿನ ಮೇಲೆ, ಮಿದುಳಿನ ಅಡಿಗೆ, ಜರಡಿಯ ಹಾಗೆ ಸಣ್ಣ ತೂತುಗಳಿರುವ ಒಂದು ತೆಳು ಮೂಳೆ ಇದೆ. ವಾಸನೆಯ ನರದ ಎಳೆಗಳು ಆ ತೂತುಗಳಲ್ಲಿ ಹಾದುಹೋಗುತ್ತವೆ. ತಲೆ ಜೋರಾಗಿ ಕುಲುಕಿದಾಗ, ಮೂಳೆ ಮುರಿಯದಿದ್ದರೂ ಆ ಎಳೆ ಹರಿಯಬಹುದು. ಅದರ ಮೇಲೇ ಇರುವುದು ಮಿದುಳಿನ ಮುಂಭಾಗ. ಕೋಪಕ್ಕೆ ಕಡಿವಾಣ ಹಾಕುವುದು, ಎದ್ದು ಕೆಲಸ ಶುರು ಮಾಡಿಸುವುದು, ಹಿಡಿದದ್ದನ್ನು ಮುಗಿಸುವುದು ಎಲ್ಲ ಅದರದ್ದೇ ಉಸ್ತುವಾರಿ. ಎರಡಕ್ಕೂ ಒಟ್ಟಿಗೆ ಪೆಟ್ಟು ಬೀಳುವುದು ಅಪರೂಪವಲ್ಲ, ಮಾಮೂಲಿ ಸಿಟಿ ಸ್ಕ್ಯಾನ್‌ನಲ್ಲಿ ಇಂಥ ಸೂಕ್ಷ್ಮ ಗಾಯ ಕಾಣದಿರುವುದೂ ಉಂಟು. 1866ರಲ್ಲೇ ಲಂಡನ್ನಿನ ಶಸ್ತ್ರವೈದ್ಯ ಎರಿಕ್ಸನ್ ರೈಲು ಅಪಘಾತದಲ್ಲಿ ಮೇಲೆ ಗಾಯ ಕಾಣದವರ ನರಳಾಟದ ಬಗ್ಗೆ ಬರೆದಿದ್ದರು. ಅವರೆಲ್ಲ ಪರಿಹಾರದ ದುಡ್ಡಿಗೆ ನಾಟಕ ಆಡುತ್ತಾರೆ ಅಂತ ಆಗಲೂ ಅನುಮಾನ ಇತ್ತು. ಈಗ ಆ ಅನುಮಾನ ಮನೆಯೊಳಗೇ ಬಂದು ಕೂತಿದೆ, ಅಷ್ಟೇ.

ನನ್ನ ಮೊದಲ ಸಲಹೆ, ಜಗಳದ ಮಾತು ನಿಲ್ಲಿಸಿ ನರರೋಗ ತಜ್ಞರ ಹತ್ತಿರ ಹೋಗಿ, ನೆನಪು, ಗಮನ, ಯೋಜನೆ ಇವುಗಳ ಪೂರ್ತಿ ಪರೀಕ್ಷೆ ಮಾಡಿಸಿ ಅಂತ. ಮನೆಗೆ ಗ್ಯಾಸ್ ಸೋರಿಕೆ ಅಲಾರಂ, ಹೊಗೆ ಅಲಾರಂ ಎರಡೂ ಹಾಕಿಸಿ. ಉಳಿದ ಊಟದ ಡಬ್ಬಿ ಮೇಲೆ ತಾರೀಖು ಬರೆದಿಡಿ, ಹಳಸಿದ್ದು ಇವರಿಗೆ ಗೊತ್ತಾಗಲ್ಲ. ತಲೆಗೆ ದೊಡ್ಡ ಪೆಟ್ಟು ಬಿದ್ದವರಿಗೆ ವರ್ಷಗಳ ನಂತರವೂ ಫಿಟ್ಸ್ ಶುರುವಾಗಬಹುದು, ಆದ್ದರಿಂದ ವೈದ್ಯರು ಒಪ್ಪುವವರೆಗೆ ಕಾರು ಮುಟ್ಟಬೇಡಿ. ಆಕೆಗೆ ಬೇರೆಯಾಗಿ ಒಂದು ಮಾತು ಹೇಳಿದೆ. ಸಿಟ್ಟಿಗೆ ಗಾಯ ಕಾರಣ ಇರಬಹುದು, ಆದರೆ ಅವರು ಪಾತ್ರೆ ಎಸೆದ ದಿನ ನೀವು ಅಲ್ಲೇ ನಿಂತು ಸಹಿಸಬೇಕಿಲ್ಲ, ಎದ್ದು ಹೊರಗೆ ಹೋಗಿ.

ಇನ್ನೊಂದು ವಿಷಯಕ್ಕೆ ನನ್ನ ಜೊತೆ ಕೆಲಸ ಮಾಡುವವರೇ ಆಕ್ಷೇಪಿಸಿದರು. ಅಪಘಾತ ನಿಮ್ಮ ತಪ್ಪಲ್ಲ ಅಂತ ನಾನು ಅವರಿಗೆ ಹೇಳಲಿಲ್ಲ. ಹೇಗೆ ಹೇಳಲಿ? ದಾಟಬಹುದು ಅಂದುಕೊಂಡು ಕಾರು ನುಗ್ಗಿಸಿದ್ದು ಅವರೇ. ದೊಡ್ಡ ವಸ್ತು ದೂರದಿಂದ ನಿಧಾನವಾಗಿ ಬರುತ್ತಿರುವಂತೆ ಕಾಣುತ್ತದೆ, ಆ ಲೆಕ್ಕ ತಪ್ಪಿ ತುಂಬಾ ಜನ ಸಿಕ್ಕಿಬೀಳುತ್ತಾರೆ, ಭಾರದ ಗೂಡ್ಸ್ ರೈಲು ನಿಲ್ಲಲು ಒಂದು ಕಿಲೋಮೀಟರಿಗೂ ಜಾಸ್ತಿ ಬೇಕಾಗಬಹುದು ಅಂತ ವಿವರಿಸಿದೆ. ಆಮೇಲೆ, "ತಪ್ಪು ಮಾಡಿದವರಿಗೂ ನೋವಾದರೆ ಹೇಳಿಕೊಳ್ಳುವ ಹಕ್ಕಿದೆ" ಅಂದೆ. ಸುಳ್ಳು ಸಮಾಧಾನ ಹೇಳಿದ್ದರೆ ಅವರು ಮತ್ತೆ ಬಾಯಿ ಮುಚ್ಚಿಕೊಳ್ಳುತ್ತಿದ್ದರು ಅಂತ ಈಗಲೂ ನನಗೆ ಅನ್ನಿಸುತ್ತದೆ.

ಈಗ ದಿನಕ್ಕೆ ಎರಡು ಸಲ ನಾಲ್ಕು ಪುಟ್ಟ ಬಾಟಲಿ ಮೂಸುವ ಅಭ್ಯಾಸ ನಡೆದಿದೆ. ಗುಲಾಬಿ, ನಿಂಬೆ, ಲವಂಗ, ನೀಲಗಿರಿ. ಎರಡು ವರ್ಷ ಕಳೆದಿರುವುದರಿಂದ ಆಸೆ ಜಾಸ್ತಿ ಇಟ್ಟುಕೊಳ್ಳಬೇಡಿ ಅಂತ ವೈದ್ಯರು ಹೇಳಿದ್ದಾರೆ. ಬಾಟಲಿ ಹಿಡಿಯುವುದು ಆಕೆಯೇ. ನೀಲಗಿರಿಗೆ ಮಾತ್ರ ಮೂಗಿನೊಳಗೆ ತಣ್ಣಗೆ ಚುರ್ ಅನ್ನುತ್ತದಂತೆ. ಅದು ವಾಸನೆ ಅಲ್ಲ, ಮುಖದ ಇನ್ನೊಂದು ನರದ ಕೆಲಸ. ಅದು ಇಬ್ಬರಿಗೂ ಗೊತ್ತು. ಆದರೂ ಆ ಬಾಟಲಿಯನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ.