ಮನೆಯಲ್ಲೇ 55 ಇಂಚಿನ ಟಿವಿ ಇರುವಾಗ ಥಿಯೇಟರಿಗೆ ಯಾಕೆ ಹೋಗಬೇಕು? ಗ್ರಾಫಿಕ್ಸ್, ಸೌಂಡ್‌ನಿಂದ ನಿಜವಾಗಿ ಅಷ್ಟು ವ್ಯತ್ಯಾಸ ಆಗುತ್ತಾ?

ಆಗುತ್ತದೆ. ಆದರೆ ನೀವು ಕೇಳಿದ ಎರಡರಲ್ಲಿ ಗ್ರಾಫಿಕ್ಸ್‌ಗಿಂತ ಸೌಂಡ್‌ನ ಪಾಲೇ ಜಾಸ್ತಿ. ಇದು ನನಗೆ ಗೊತ್ತಾಗಿದ್ದು ಕಣ್ಣು ಕಾಣದ ನಮ್ಮ ಕಾಕಾ ಅವರಿಂದ. ಒಂದೇ ಸಿನಿಮಾವನ್ನು ಅವರ ಜೊತೆ ಮೂರು ಕಡೆ ನೋಡಿದ್ದೇನೆ. ಅದನ್ನೇ ಹೇಳಿಬಿಡುತ್ತೇನೆ.

ನಮ್ಮದು ಗದಗ. ಕಾಕಾಗೆ ಏಳನೇ ವಯಸ್ಸಿನಲ್ಲಿ ಕಣ್ಣು ಹೋದವು. ವೀರೇಶ್ವರ ಪುಣ್ಯಾಶ್ರಮದಲ್ಲಿದ್ದು ತಬಲಾ ಕಲಿತರು. ಸಿನಿಮಾ ಅಂದರೆ ಪ್ರಾಣ. "ಸಿನಿಮಾ ನೋಡಾಕ ಹೋಗೂಣು" ಅಂತಲೇ ಅನ್ನುತ್ತಾರೆ, ಒಂದು ದಿನವೂ "ಕೇಳಾಕ" ಅಂದಿಲ್ಲ.

ಮೊದಲ ಸಲ ನೋಡಿದ್ದು ಹಾವೇರಿಯಲ್ಲಿ, ದೀಪಾವಳಿಗೆ ಅತ್ತೆಯ ಮನೆಗೆ ಹೋದಾಗ. ಹಳೇ ಥಿಯೇಟರ್, ಹೆಸರು ಬೇಡ. ಸಿನಿಮಾದಲ್ಲಿ ಹೋರಿ ಹಬ್ಬದ ಒಂದು ಸೀನ್ ಇತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಹೋರಿಗೆ ಕೊಬ್ಬರಿ ಸರ ಕಟ್ಟಿ, ಸಿಂಗರಿಸಿ ಜನರ ನಡುವೆ ಬಿಡುತ್ತಾರೆ. ಸರ ಹರಿಯಲು ಹುಡುಗರು ಮೇಲೆ ಬೀಳುತ್ತಾರೆ, ಅದು ತಪ್ಪಿಸಿಕೊಂಡು ಓಡಬೇಕು. ದೀಪಾವಳಿ ಹೊತ್ತಿಗೆ ಹಾವೇರಿ ಕಡೆ ಇದರದ್ದೇ ಮಾತು. ಅಂಥ ಊರಲ್ಲಿ ಕಂಪ್ಯೂಟರ್ ಹೋರಿ ತೋರಿಸಿದರೆ ಏನಾಗಬೇಕೋ ಅದೇ ಆಯಿತು. ಹಿಂದಿನ ಸಾಲಿನಿಂದ ಒಬ್ಬ ಕೂಗಿದ: "ಏ, ಅದು ಓಡಾಕತ್ತಿಲ್ಲೋ, ತೇಲಾಕತ್ತೈತಿ!" ಥಿಯೇಟರಿಗೆ ಥಿಯೇಟರೇ ನಕ್ಕಿತು. ನಾನೂ ನಕ್ಕೆ.

ಅವನು ಹೇಳಿದ್ದು ಸರಿಯಾಗೇ ಇತ್ತು. ಹೋರಿಯ ಮೈ ಚೆನ್ನಾಗಿತ್ತು, ಕೂದಲು ಕೂಡ ಕಾಣುತ್ತಿತ್ತು. ತೂಕ ಮಾತ್ರ ಇರಲಿಲ್ಲ. ನಿಜವಾದ ಹೋರಿ ಕಾಲೂರಿದ ಕಡೆ ಮಣ್ಣು ಕುಸಿಯುತ್ತದೆ, ಧೂಳು ಸಿಡಿಯುತ್ತದೆ. ಹಿಣಿಲು ಒಂದು ಕ್ಷಣ ತಡವಾಗಿ ಅಲುಗುತ್ತದೆ. ನೆರಳು ಗೊರಸಿಗೆ ಅಂಟಿಕೊಂಡೇ ಇರುತ್ತದೆ. ಇದರಲ್ಲಿ ಒಂದು ತಪ್ಪಿದರೂ ಕಣ್ಣು ಹಿಡಿದುಬಿಡುತ್ತದೆ, ಏನು ತಪ್ಪಿದೆ ಅಂತ ಬಾಯಿಬಿಟ್ಟು ಹೇಳಲು ಬಾರದಿದ್ದರೂ. ಬೆಳಕಿನದು ಇನ್ನೊಂದು ತಾಪತ್ರಯ. ಶೂಟಿಂಗ್ ಜಾಗದಲ್ಲಿ ಕನ್ನಡಿಯಂತೆ ಹೊಳೆಯುವ ಒಂದು ಗುಂಡು, ಬೂದು ಬಣ್ಣದ ಒಂದು ಗುಂಡು ಇಟ್ಟು ಫೋಟೋ ತೆಗೆದುಕೊಳ್ಳುತ್ತಾರೆ. ಅಲ್ಲಿ ಬಿಸಿಲು ಯಾವ ಕಡೆಯಿಂದ ಎಷ್ಟು ಬಿದ್ದಿತ್ತೋ, ಕಂಪ್ಯೂಟರಿನೊಳಗಿನ ಹೋರಿಗೂ ಅಷ್ಟೇ ಬೀಳಬೇಕಲ್ಲ. ಇಷ್ಟೆಲ್ಲ ಮಾಡಲು ಸಮಯ ಬೇಕು. ರಿಲೀಸ್ ದಿನ ಮೊದಲೇ ನಿಗದಿಯಾಗಿರುತ್ತದೆ. (ನಿಜವಾದ ಹೋರಿಯನ್ನೇ ಓಡಿಸಬಾರದಿತ್ತಾ ಅಂದರೆ, ಸಿನಿಮಾದಲ್ಲಿ ಪ್ರಾಣಿ ಬಳಸಲು ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು. ಅದು ಸುಮ್ನೆ ಸಿಗುವಂಥದ್ದಲ್ಲ.)

ಕಾಕಾ ನಗಲಿಲ್ಲ. "ಹೋರಿ ಎಲ್ಲಿತ್ತೋ ತಮ್ಮಾ? ಮುಂದ ಏನೋ ಗದ್ದಲ ಆತು, ಅಷ್ಟ" ಅಂದರು.

ಆಪರೇಟರ್ ಅತ್ತೆಯ ಓಣಿಯವನೇ. ಇಂಟರ್‌ವಲ್‌ನಲ್ಲಿ ಮೇಲೆ ಹೋದೆ. ಪ್ರೊಜೆಕ್ಟರ್ ಹೊಸದು. ಆದರೆ ಗೋಡೆಯ ಸ್ಪೀಕರುಗಳಲ್ಲಿ ಅರ್ಧ ಸುಟ್ಟು ವರ್ಷಗಳೇ ಆಗಿವೆ. ಸೌಂಡ್ ಪ್ರೊಸೆಸರಿನ ಫೇಡರ್, ಅಂದರೆ ಸದ್ದು ಏರಿಸಿ ಇಳಿಸುವ ಗುಂಡಿ, 4ರಲ್ಲಿತ್ತು. ಅದರಲ್ಲಿ 7 ಅಂದರೆ ಸ್ಟುಡಿಯೋದಲ್ಲಿ ಮಿಕ್ಸ್ ಮಾಡುವಾಗ ಕೇಳಿದ ಮಟ್ಟ. 4ಕ್ಕೆ ಇಳಿಸಿದರೆ ಸುಮಾರು 10 ಡೆಸಿಬಲ್ ಹೋಯಿತು, ಕಿವಿಗೆ ಸದ್ದು ಅರ್ಧವಾದಂತೆ. "7ಕ್ಕ ಇಟ್ರ ಉಳಿದವೂ ಸುಡ್ತಾವ್ರಿ" ಅಂದ. ಪಾಪ, ಅವನಾದರೂ ಏನು ಮಾಡಿಯಾನು.

ಎರಡನೇ ಸಲ ಹುಬ್ಬಳ್ಳಿ. ಗದಗದಿಂದ ಸುಮಾರು 60 ಕಿಲೋಮೀಟರ್. ಬಸ್ಸಿಳಿದು, ಗಿರಮಿಟ್ ಮಿರ್ಚಿ ತಿಂದು, ಗೋಡೆಗುಂಟ, ತಲೆಯ ಮೇಲೆಲ್ಲ ಸ್ಪೀಕರ್ ಇರುವ ಅಟ್ಮಾಸ್ ಥಿಯೇಟರಿಗೆ ಹೋದೆವು. ಸೀಟು ನಾನೇ ಆರಿಸಿದ್ದೆ: ನಟ್ಟನಡುವೆ, ಪರದೆಯಿಂದ ಥಿಯೇಟರಿನ ಉದ್ದದ ಮೂರರಲ್ಲಿ ಎರಡು ಪಾಲು ಹಿಂದೆ. ಮಿಕ್ಸ್ ಮಾಡುವವರೂ ಹೆಚ್ಚುಕಡಿಮೆ ಅಲ್ಲೇ ಕೂತಿರುತ್ತಾರೆ.

ಹೋರಿ ಸೀನ್ ಬಂತು. ಜನರ ಗದ್ದಲ ತಟ್ಟನೆ ನಿಂತಿತು. ನಮ್ಮ ಬೆನ್ನ ಹಿಂದೆ, ಎಡಕ್ಕೆ, ಎಲ್ಲೋ ಗೆಜ್ಜೆ. ಆಮೇಲೆ ಬುಸುಗುಟ್ಟುವ ಉಸಿರು. ಪರದೆಯ ಮೇಲೆ ಇನ್ನೂ ಹೋರಿ ಇಲ್ಲ, ಒಬ್ಬ ಹುಡುಗನ ಮುಖ ಅಷ್ಟೇ. ಗೊರಸಿನ ಸಪ್ಪಳ ಎಡಗೋಡೆಯ ಗುಂಟ ಮುಂದೆ ಬಂತು, ಸೀಟಿನ ಕೆಳಗೆ ಯಾರೋ ನೆಲ ಗುದ್ದಿದ ಹಾಗಾಯಿತು. ಕಾಕಾ ಎರಡೂ ಕಾಲೆತ್ತಿ ಸೀಟಿನ ಮೇಲೆ ಮಡಚಿಕೊಂಡರು. ಚಪ್ಪಲಿ ಕೆಳಗೇ ಉಳಿದವು. ಆಮೇಲೆ ಪರದೆಗೆ ಬಂದದ್ದು ಅದೇ ಹೋರಿ, ಅದೇ ಗ್ರಾಫಿಕ್ಸ್. ಒಬ್ಬರೂ ನಗಲಿಲ್ಲ. ಈ ಸಲವೂ ತೇಲುತ್ತದಾ ನೋಡೋಣ ಅಂತಲೇ ನಾನು ಹೋಗಿದ್ದೆ. ನೋಡಲು ಮರೆತೇಬಿಟ್ಟೆ.

ಹೋರಿಗೆ ತೂಕ ಬಂದದ್ದು ಸೌಂಡ್‌ನಿಂದ. 5.1 ಅನ್ನುತ್ತಾರಲ್ಲ, ಅದರಲ್ಲಿ 5 ಅಂದರೆ ಪರದೆಯ ಕಡೆಯ ಮೂರು, ಎಡ ಬಲದ ಎರಡು ಬೇರೆ ಬೇರೆ ಸದ್ದು; ಆ '.1' ಇರುವುದೇ ಸುಮಾರು 120 ಹರ್ಟ್ಸ್‌ಗಿಂತ ಕೆಳಗಿನ ಗುಡುಗುಡು ಸದ್ದಿಗೆ. ಅದು ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ಇನ್ನು ದಿಕ್ಕಿನ ವಿಷಯ. 5.1ರಲ್ಲಿ ಎಡಗಡೆಯ ಸರೌಂಡ್ ಸ್ಪೀಕರುಗಳೆಲ್ಲ ಒಂದೇ ಸದ್ದು ಮಾಡುತ್ತವೆ. 2012ರಲ್ಲಿ ಬಂದ ಡಾಲ್ಬಿ ಅಟ್ಮಾಸ್‌ನಲ್ಲಿ ಒಂದೊಂದು ಸ್ಪೀಕರಿಗೂ ಬೇರೆ ಬೇರೆ ಸದ್ದು ಕಳಿಸಬಹುದು, 64ರವರೆಗೆ. ತಲೆಯ ಮೇಲೂ ಸ್ಪೀಕರ್ ಇರುತ್ತವೆ. ಅದಕ್ಕೇ ಹೋರಿ ಗೋಡೆಗುಂಟ ಓಡಿದ್ದು. ಎಡಗಿವಿಗೂ ಬಲಗಿವಿಗೂ ಸದ್ದು ಮುಟ್ಟುವುದರಲ್ಲಿ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ ವ್ಯತ್ಯಾಸ ಇದ್ದರೂ ತಲೆಗೆ ದಿಕ್ಕು ಗೊತ್ತಾಗುತ್ತದೆ. ಕಾಕಾ ರಸ್ತೆ ದಾಟುವುದೇ ಈ ಲೆಕ್ಕದ ಮೇಲೆ.

ಅಂದಹಾಗೆ ಆ ಗೊರಸಿನ ಸಪ್ಪಳ ಹೋರಿಯದ್ದೇ ಆಗಿರಬೇಕಿಲ್ಲ. ಫೋಲಿ ಅಂತ ಒಂದು ಕೆಲಸವೇ ಇದೆ. ಚಿತ್ರ ನೋಡುತ್ತಾ ಹೆಜ್ಜೆ, ಬಟ್ಟೆ, ಬಾಗಿಲಿನ ಸದ್ದನ್ನೆಲ್ಲ ಸ್ಟುಡಿಯೋದಲ್ಲಿ ಹೊಸದಾಗಿ ಮಾಡಿ ಸೇರಿಸುತ್ತಾರೆ. ಕುದುರೆ ಓಟಕ್ಕೆ ತೆಂಗಿನ ಕರಟ ಬಡಿಯುವುದು ಬಹಳ ಹಳೇ ಉಪಾಯ. ನಮ್ಮ ಕಂಪನಿ ನಾಟಕಗಳಲ್ಲಿ ಗುಡುಗಿಗೆ ತಗಡು ಅಲ್ಲಾಡಿಸುತ್ತಿದ್ದರಲ್ವಾ, ಅದರ ತಮ್ಮ ಇದು. 1993ರ 'ಜುರಾಸಿಕ್ ಪಾರ್ಕ್' ನೋಡಿರುತ್ತೀರಿ. ಅದರ ದೊಡ್ಡ ಡೈನೋಸಾರಿನ ಗರ್ಜನೆಯಲ್ಲಿ ಆನೆಮರಿ, ಹುಲಿ, ಮೊಸಳೆ ಜಾತಿಯ ಪ್ರಾಣಿ ಎಲ್ಲದರ ದನಿ ಬೆರೆಸಿದ್ದಾರೆ. ಎರಡು ಗಂಟೆಯ ಆ ಸಿನಿಮಾದಲ್ಲಿ ಡೈನೋಸಾರ್ ಕಾಣುವುದು ಬರೀ 15 ನಿಮಿಷದಷ್ಟು. ಅದರಲ್ಲಿ ಕಂಪ್ಯೂಟರಿನದು 6 ನಿಮಿಷದಷ್ಟು, ಉಳಿದದ್ದು ಯಂತ್ರದ ಗೊಂಬೆಗಳು. ಕಾಣದ ಹೊತ್ತಿನಲ್ಲೂ ಅವು ಅಲ್ಲೇ ಮರದ ಹಿಂದೆ ಇವೆ ಅನ್ನಿಸುತ್ತಿತ್ತಲ್ಲ, ಅದು ಸಪ್ಪಳದ ಕೆಲಸ.

ಈಗ ನಿಮ್ಮ 55 ಇಂಚು. ಚಿತ್ರದ ಬಗ್ಗೆ ನನ್ನ ತಕರಾರಿಲ್ಲ. ಕುಟುಂಬದ ಕಥೆ, ಕಾಮಿಡಿಗೆ ಮನೆಯೇ ಸಾಕು. ಆದರೆ ಟಿವಿ ತೆಳ್ಳಗಾದಷ್ಟೂ ಒಳಗೆ ಸ್ಪೀಕರಿಗೆ ಜಾಗ ಇಲ್ಲ, ಎಷ್ಟೋ ಟಿವಿಗಳಲ್ಲಿ ಅದು ನೆಲ ನೋಡುತ್ತಿರುತ್ತದೆ. ಮಾತು ಕೇಳಿಸಲಿಲ್ಲ ಅಂತ ವಾಲ್ಯೂಮ್ ಏರಿಸುತ್ತೀರಿ, ಫೈಟ್ ಬಂತು ಅಂತ ಓಡಿ ಇಳಿಸುತ್ತೀರಿ. ಥಿಯೇಟರಿನಲ್ಲಿ ಮಾತಿಗೆ ಅಂತಲೇ ಪರದೆಯ ಹಿಂದೆ ನಡುವಿನ ಸ್ಪೀಕರ್ ಇರುತ್ತದೆ, ಪರದೆಯ ಸಣ್ಣ ಸಣ್ಣ ತೂತುಗಳಿಂದ ಸದ್ದು ಹೊರಗೆ ಬರುತ್ತದೆ. ಟಿವಿಯಲ್ಲಿ ಎಲ್ಲವನ್ನೂ ಎರಡೇ ಸ್ಪೀಕರಿಗೆ ತುರುಕಬೇಕು. ಆಡಿಯೋ ಸೆಟ್ಟಿಂಗ್ 5.1 ಇದ್ದರೆ ಸ್ಟೀರಿಯೋಗೆ ಬದಲಿಸಿ ನೋಡಿ, ಮಾತು ಸ್ವಲ್ಪ ತಿಳಿಯಾಗಬಹುದು. ದುಡ್ಡು ಹಾಕುವುದಾದರೆ ಇನ್ನೂ ದೊಡ್ಡ ಟಿವಿಗೆ ಹಾಕಬೇಡಿ, ನಡುವಿನ ಸ್ಪೀಕರ್ ಬೇರೆಯಾಗಿರುವ ಸೌಂಡ್‌ಬಾರ್‌ಗೆ ಹಾಕಿ.

ನಾನು ಇನ್ನೂ ಹಾಕಿಲ್ಲ. ಆ ಸಿನಿಮಾ ಒಟಿಟಿಗೆ ಬಂದಾಗ ಮನೆಯ ಟಿವಿಯಲ್ಲೇ ಹಾಕಿದೆ. ಕಾಕಾ ಚಹಾದ ಕಪ್ಪು ಹಿಡಿದು ಪಕ್ಕದಲ್ಲಿ ಕೂತಿದ್ದರು. ಚಹಾ ಮುಗಿದ ಮೇಲೆ ಕೇಳಿದರು:

"ತಮ್ಮಾ, ಹೋರಿ ಎಷ್ಟೊತ್ತಿಗೆ ಬರ್ತೈತಿ?"

"ಬಂದು ಹೋತಲ್ರಿ ಕಾಕಾ."