ಹತ್ತು ಪುಸ್ತಕದಲ್ಲಿ ಒಂದೇ ತಪ್ಪು ಇದ್ದರೆ ತಿದ್ದುವುದು ಹೇಗೆ?

ನಿಮ್ಮೂರಿನ ಕವಿಯೊಬ್ಬರ ಹುಟ್ಟಿದ ದಿನ ಹತ್ತು ಪುಸ್ತಕಗಳಲ್ಲಿ ತಪ್ಪಾಗಿದೆ, ನಾನೊಬ್ಬನೇ ಬೇರೆ ಹೇಳಿದರೆ ಯಾರು ನಂಬುತ್ತಾರೆ ಅಂತ ಕೇಳಿದ್ದೀರಿ. ಉತ್ತರಕ್ಕೆ ಮೊದಲು ಒಂದು ತಪ್ಪೊಪ್ಪಿಗೆ. ಅಂಥದ್ದೇ ತಪ್ಪೊಂದನ್ನು ಹುಟ್ಟಿಸಿದವನು ನಾನು.

ನಮ್ಮ ಮನೆ ಮಂಜೇಶ್ವರದ ಹತ್ತಿರ. ಕೆಲವು ವರ್ಷಗಳ ಹಿಂದೆ ಒಂದು ಶಾಲೆಯ ಸ್ಮರಣ ಸಂಚಿಕೆಗೆ ನಮ್ಮೂರ ಕವಿ ಗೋವಿಂದ ಪೈಗಳ ಬಗ್ಗೆ ಎರಡು ಪುಟ ಬರೆದುಕೊಟ್ಟೆ. ಅವರು ಹುಟ್ಟಿದ್ದು 1883ರ ಮಾರ್ಚ್ 23. ನಿದ್ದೆಗಣ್ಣಲ್ಲಿ ಟೈಪ್ ಮಾಡುವಾಗ ಅದು 25 ಆಯಿತು. ಪ್ರೂಫ್ ನೋಡಿದವನೂ ನಾನೇ, ಕಣ್ಣಿಗೆ ಬೀಳಲಿಲ್ಲ. ಮರುವರ್ಷ ಒಂದು ಕ್ಲಬ್ಬಿನ ಆಮಂತ್ರಣದಲ್ಲಿ 25 ಅಂತ ಬಂತು. ಆಮೇಲೆ ಯಾರದೋ ಭಾಷಣದಲ್ಲಿ. ಅದರ ಮುಂದಿನ ವರ್ಷ ಮಕ್ಕಳ ಕ್ವಿಜ್. ನನ್ನ ಅಕ್ಕನ ಮಗಳು 23 ಅಂತ ಸರಿಯಾಗಿ ಬರೆದು ಒಂದು ಮಾರ್ಕು ಕಳೆದುಕೊಂಡು ಬಂದಳು. ಜಗಳಕ್ಕೆ ಹೋದೆ. ಅಲ್ಲಿದ್ದವರು ಫೈಲಿನಿಂದ ತೆಗೆದು ತೋರಿಸಿದ್ದು ನನ್ನದೇ ಲೇಖನ! "ಮೂರು ಕಡೆ ಹೀಗೇ ಇದೆ ಸಾರ್" ಅಂದರು.

ಮೂರು ಕಡೆ ಇದ್ದರೇನು, ಸಾಕ್ಷಿ ಒಂದೇ. ಅದೂ ತೂಕಡಿಸುತ್ತಿದ್ದ ಸಾಕ್ಷಿ.

ಹಾಗಾಗಿ ಹತ್ತು ಪುಸ್ತಕ ಅಂತ ಹೆದರಬೇಡಿ. ಅಚ್ಚಾದ ವರ್ಷದ ಪ್ರಕಾರ ಅವನ್ನು ಮೇಜಿನ ಮೇಲೆ ಸಾಲಾಗಿ ಇಡಿ. ಆ ತಪ್ಪು ಮೊದಲು ಕಾಣುವುದು ಯಾವುದರಲ್ಲಿ? ಅದನ್ನು ಬರೆದವರಿಗೆ ಆ ತಾರೀಕು ಯಾರು ಹೇಳಿದರು? ಉಳಿದವುಗಳಲ್ಲಿ ವಾಕ್ಯಕ್ಕೆ ವಾಕ್ಯ ಹೊಂದಿದರೆ, ಕಾಗುಣಿತದ ತಪ್ಪೂ ಅದೇ ಇದ್ದರೆ, ನಕಲು ಅಂತ ತಿಳಿಯಿರಿ. ಶಾಲೆಯ ದಾಖಲೆ ಸಿಕ್ಕರೂ ಕುಣಿಯಬೇಡಿ. ನಮ್ಮ ಅಜ್ಜಂದಿರ ಕಾಲದಲ್ಲಿ ಸೇರಿಸಿಕೊಳ್ಳುವಾಗ ಮೇಷ್ಟ್ರು ಅಂದಾಜಿನ ಮೇಲೆ ಹಾಕಿದ ತಾರೀಕುಗಳೇ ಜಾಸ್ತಿ. ಮನೆಯಲ್ಲಿ ಜಾತಕ ಇದೆಯಾ ಅಂತ ಕೇಳಿ.

ನಮ್ಮ ಕಡೆ ತಪ್ಪು ಬೆಳೆಯಲು ಇನ್ನೊಂದು ಕಾರಣ ಇದೆ: ಗಡಿ. ಮಂಜೇಶ್ವರ ಈಗ ಕೇರಳದಲ್ಲಿದೆ. 'ಪೈಗಳು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಹುಟ್ಟಿದರು' ಅಂತ ಬರೆದುಬಿಡುತ್ತಾರೆ. 1883ರಲ್ಲಿ ಆ ರಾಜ್ಯವೂ ಇರಲಿಲ್ಲ, ಆ ಜಿಲ್ಲೆಯೂ ಇರಲಿಲ್ಲ. ಆಗ ಮಂಜೇಶ್ವರ ಇದ್ದದ್ದು ಮದ್ರಾಸ್ ಪ್ರೆಸಿಡೆನ್ಸಿಯ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ಕೇರಳ ಆದದ್ದು 1956ರಲ್ಲಿ, ಕಾಸರಗೋಡು ಜಿಲ್ಲೆ ಆದದ್ದು 1984ರಲ್ಲಿ. ಇದು ಸುಮ್ನೆ ಕೊಂಕು ತೆಗೆಯುವ ಮಾತಲ್ಲ. ಇಲ್ಲಿ ಎಡವಿದವರು ಮುಂದೆಯೂ ಎಡವುತ್ತಾರೆ. 1949ರಲ್ಲಿ ಅವರಿಗೆ ರಾಷ್ಟ್ರಕವಿ ಅಂತ ಬಿರುದು ಕೊಟ್ಟದ್ದು ಮದ್ರಾಸ್ ಸರ್ಕಾರ. 'ಕರ್ನಾಟಕ ಸರ್ಕಾರ ಕೊಟ್ಟಿತು' ಅಂತ ವೇದಿಕೆಯ ಮೇಲೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಕರ್ನಾಟಕ ಅಂತ ರಾಜ್ಯಕ್ಕೆ ಹೆಸರು ಬಂದದ್ದೇ 1973ರಲ್ಲಿ ಅಲ್ವಾ?

ಅವರಿಗೆ ಎಷ್ಟು ಭಾಷೆ ಬರುತ್ತಿತ್ತು ಅನ್ನುವ ಲೆಕ್ಕವೂ ಹಾಗೇ. ಒಂದು ಕಡೆ 22, ಇನ್ನೊಂದು ಕಡೆ 25. ಓದಲು ಬರುತ್ತಿತ್ತೋ, ಮಾತಾಡಲು ಬರುತ್ತಿತ್ತೋ, ಅದನ್ನು ಯಾರೂ ಕೇಳುವುದಿಲ್ಲ. ತಮಾಷೆ ಏನೆಂದರೆ, ಈ ಮನುಷ್ಯ ತೇದಿಗಾಗಿ ಜೀವ ತೇದವರು. ಶ್ರವಣಬೆಳಗೊಳದ ಗೊಮ್ಮಟನ ಪ್ರತಿಷ್ಠೆ ಯಾವ ದಿನ ಆಗಿರಬೇಕು ಅಂತ ತಿಥಿ, ವಾರ, ನಕ್ಷತ್ರ ಹಿಡಿದು ಲೆಕ್ಕ ಹಾಕಿದವರು. ಅವರ ಹುಟ್ಟಿದ ದಿನವನ್ನೇ ನಾನು ಎರಡು ದಿನ ಮುಂದೆ ತಳ್ಳಿದೆ.

ಇನ್ನೊಂದು ಎಚ್ಚರಿಕೆ. ನೀವು ಹೇಳುತ್ತಿರುವುದು ತಪ್ಪೋ, ಮುಗಿಯದ ವಾದವೋ, ಮೊದಲು ನೋಡಿಕೊಳ್ಳಿ. ಯಕ್ಷಗಾನದ ರಾಮಾಯಣ ಪ್ರಸಂಗಗಳು ನಮ್ಮ ಕಡೆಯ ಕುಂಬಳೆಯ ಕವಿ ಪಾರ್ತಿಸುಬ್ಬನವು ಅಂತ ವಿದ್ವಾಂಸ ಮುಳಿಯ ತಿಮ್ಮಪ್ಪಯ್ಯ ವಾದಿಸಿದರು. ಶಿವರಾಮ ಕಾರಂತರು ಒಪ್ಪಲಿಲ್ಲ, ಅಜಪುರದ ಸುಬ್ಬ ಅಂದರು. ಅಜಪುರ ಅಂದರೆ ಬ್ರಹ್ಮಾವರ. ನಮ್ಮ ಕಡೆಯವರು ಪದ್ಯದಲ್ಲಿ ಬರುವ ಕಣ್ವಪುರದ ಕೃಷ್ಣನನ್ನು, ಅಂದರೆ ಕುಂಬಳೆಯ ದೇವರನ್ನೇ, ಸಾಕ್ಷಿಗೆ ಕರೆದರು. ನನಗೆ ಕುಂಬಳೆಯ ಪಕ್ಷವೇ ಗಟ್ಟಿ ಅನಿಸುತ್ತದೆ, ಊರಿನ ಅಭಿಮಾನವೂ ಸ್ವಲ್ಪ ಇರಬಹುದು. ಆದರೆ ಇಂಥ ಕಡೆ 'ತಪ್ಪು ತಿದ್ದಿದ್ದೇನೆ' ಅನ್ನಲು ಬರುವುದಿಲ್ಲ. ಇಬ್ಬರ ಮಾತನ್ನೂ ಇಟ್ಟು, ನಿಮ್ಮದು ಯಾವ ಕಡೆ ಅಂತ ಹೇಳಿದರೆ ಆಯಿತು.

ನಿಮ್ಮದು ಬರೀ ತಾರೀಕಿನ ವಿಷಯ, ಸುಲಭ. ಪ್ರಕಾಶಕರಿಗೆ ಒಂದೇ ಪುಟದ ಪತ್ರ ಬರೆಯಿರಿ. ತಪ್ಪು ಮೊದಲು ಬಂದ ಪುಟದ ಫೋಟೋ, ಜಾತಕದ ಫೋಟೋ ಪಕ್ಕಪಕ್ಕ ಇಡಿ. 'ಮುಂದಿನ ಮುದ್ರಣದಲ್ಲಿ ಸರಿಮಾಡಿ' ಅಂತ ಕೇಳಿ. ಬೈಯಬೇಡಿ, ಬೈದರೆ ಪತ್ರ ಡ್ರಾಯರ್ ಸೇರುತ್ತದೆ.

ನನ್ನ ಕಥೆ ಏನಾಯಿತು ಅಂದರೆ, ಶಾಲೆಯವರು ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಿದರು. ಕ್ವಿಜ್‌ನವರು ಮಾರ್ಕು ಕೊಡಲಿಲ್ಲ. ಅಕ್ಕನ ಮಗಳು ಈಗಲೂ ನನ್ನನ್ನು ಕರೆಯುವುದು 'ಇಪ್ಪತ್ತೈದು ಮಾವ' ಅಂತ.